ಬೀಸದ ಹಿಟ್ಟು

ಏಕಸಂಬಿಯ ಮಂಗಲ ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಎಂಬತ್ತೇಳರ ಮಾತು. ಹೆಸರೆಂದ ಮೇಲೆ ಅದಕ್ಕೊಂದು ಅರ್ಥ ಇರಲೇಬೇಕು ಎಂಬುದು ಅವಳ ಹಟ. ಜಯಪಾಲ ಸರ್ ಬೋರ್ಡಿನ ಮೇಲೆ ‘ಅಮೈಲೇಸ್’ ಎಂದು ಬರೆದು, ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕಿಣ್ವ ಇದು, ನಮ್ಮ ಜೊಲ್ಲಿನಲ್ಲೂ ಇದೆ ಎಂದಾಗ ಎದ್ದು ನಿಂತಳು.

“ಸರ್, ಆ ಹೆಸರು ಯಾಕ್ರಿ?”

ಅವರು ಸಿಡುಕಲಿಲ್ಲ. ಪಾಠ ಮುಗಿದ ಮೇಲೆ ಲೈಬ್ರರಿಗೆ ಕರೆದೊಯ್ದು ದಪ್ಪ ನಿಘಂಟು ತೆಗೆಸಿದರು. ‘ಏಸ್’ ಅನ್ನುವುದು ಕಿಣ್ವಗಳ ಹೆಸರಿಗೆ ಹಚ್ಚುವ ಬಾಲ. ಉಳಿದದ್ದು ಹಳೆಯ ಗ್ರೀಕರು ಪಿಷ್ಟಕ್ಕೆ ಹೇಳುತ್ತಿದ್ದ ‘ಅಮಿಲೋನ್’ ಎಂಬ ಮಾತು. ‘ಮಿಲೆ’ ಎಂದರೆ ಬೀಸುವ ಕಲ್ಲು. ಅದರ ಮುಂದಿನ ‘ಅ’ ನಮ್ಮ ‘ಅಶುದ್ಧ’ದ ‘ಅ’ ಇದ್ದಂತೆ, ಅಲ್ಲಗಳೆಯುವುದು. ಅಂದರೆ ಕಲ್ಲಿಗೆ ಹಾಕದ ಹಿಟ್ಟು.

“ಬೀಸದ ಹಿಟ್ಟು ಹೆಂಗ ಆಗ್ತೈತ್ರಿ ಸರ್?”

“ನನಗೂ ತಿಳೀವಲ್ದು ನೋಡವಾ,” ಎಂದು ಅವರು ನಕ್ಕುಬಿಟ್ಟರು.

ಬೇಸಿಗೆ ರಜೆಗೆ ಊರಿಗೆ ಬಂದಳು. ಅವ್ವ ಗೌರಾಬಾಯಿ ಕುರಡಗಿ ಸಂಡಿಗೆ ಮಾಡಲು ಗೋದಿ ನೆನೆಹಾಕಿ, ದಿನಾ ನೀರು ಬದಲಿಸುತ್ತಿದ್ದಳು. ಕಾಳು ಬೆರಳಿಗೆ ಪಿಚಕ್ಕೆನ್ನುವಷ್ಟು ಮೆತ್ತಗಾದಾಗ ಮಗಳನ್ನು ಕರೆದಳು. ಇಬ್ಬರೂ ಅಗಲ ತಟ್ಟೆಯಂಥ ಪರಾತದಲ್ಲಿ ಹಿಸುಕತೊಡಗಿದರು. ಸಿಪ್ಪೆ ಮುಷ್ಟಿಯಲ್ಲಿ ಉಳಿಯಿತು, ಬೆರಳ ಸಂದಿಯಿಂದ ಬೆಳ್ಳಗೆ ಹಾಲು ಇಳಿಯಿತು.

“ಅವ್ವಾ, ಇದನ್ನ ಬೀಸೂದಿಲ್ಲೇನ?”

“ಬೀಸಿದ್ರ ಸಿಪ್ಪಿ ಬೆರೀತೈತಿ. ನಮ್ಮವ್ವನೂ ಹಿಂಗ ಕೈಲೇ ಹಿಂಡತಿದ್ಲು.”

ಮಂಗಲಳ ಕೈ ನಿಂತಿತು. ಬೀಸದ ಹಿಟ್ಟು ಅಂದರೆ ಇದೇ! ಎರಡು ಸಾವಿರ ವರ್ಷದ ಹಿಂದೆ, ಸಮುದ್ರದಾಚೆಯ ಯಾವುದೋ ಅಂಗಳದಲ್ಲಿ, ಯಾರೋ ಹೆಂಗಸರು ಹೀಗೇ ಕೂತು ಗೋದಿ ಹಿಂಡಿದ್ದರು! ಅವರು ಇಟ್ಟ ಹೆಸರೇ ಪುಸ್ತಕ ದಾಟಿ ಚಿಕ್ಕೋಡಿಯ ಬೋರ್ಡಿನವರೆಗೆ ಬಂದಿತ್ತು. ತಡವರಿಸುತ್ತ ಅವ್ವನಿಗೆ ಎಲ್ಲವನ್ನೂ ಹೇಳಿದಳು.

ಗೌರಾಬಾಯಿ ಬೆಳ್ಳಗಾದ ತನ್ನ ಅಂಗೈಯನ್ನೇ ನೋಡಿಕೊಂಡಳು. “ಅಷ್ಟ ದೂರದಾಗೂ ಹಿಂಗ ಮಾಡತಿದ್ರ? ಅವರ ಹೆಸರ ಏನಿತ್ತೋ ಏನೋ ಬೇ.”

ಮರುದಿನ ತಿಳಿ ಬಸಿದು, ತಳದಲ್ಲಿ ಕೂತ ಗಟ್ಟಿಯನ್ನು ಕುದಿಸಿದರು. ಉಪ್ಪು ಬೀಳುವ ಮುಂಚೆ ಮಂಗಲ ಎರಡು ತುತ್ತು ತೆಗೆದು, ಆರಿಸಿ ಅವ್ವನ ಕೈಗಿಟ್ಟಳು.

“ನುಂಗಬ್ಯಾಡವ್ವಾ. ಬಾಯಾಗ ಇಟ್ಕೊಂಡು ಸಾವಕಾಶ ಅಗಿ.”

ಗೌರಾಬಾಯಿ ಕಣ್ಣು ಮುಚ್ಚಿ ಅಗಿದಳು. ಮೊದಲು ಸಪ್ಪೆ. ಒಲೆಯ ಮೇಲೆ ಹಿಟ್ಟು ಗುಳುಗುಳು ಅನ್ನುತ್ತಿತ್ತು. ತಟ್ಟನೆ ಅವಳ ಹುಬ್ಬು ಮೇಲೇರಿತು.

“ಸೀ ಆತಲ್ಲಬೇ! ಬೆಲ್ಲ ಯಾರ ಹಾಕಿದ್ರು?”

“ಯಾರೂ ಹಾಕಿಲ್ಲವ್ವಾ. ನಿನ್ನ ಬಾಯೇ ಮಾಡೇತಿ.”