ಮುನ್ನೂರ ಐದು ದಿನ

ಮೂರು ದಿನಗಳಿಂದ ನನ್ನ ದಿನಚರಿ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಒಳಗೆ ಒಂದು ಚೀಟಿ ಇತ್ತು, ನಡುವೆ ಮೊಳೆ ಚುಚ್ಚಿದ ತೂತಿನ ಚೀಟಿ. ಒಂದು ಚೀಟಿಯಿಂದ ಪುಸ್ತಕ ಉಬ್ಬುವುದಿಲ್ಲ ಎಂದು ಗೊತ್ತು. ಆದರೂ ಎದುರಿಗೆ ಬಂದವರೆಲ್ಲ ನನ್ನ ಚೀಲವನ್ನೇ ನೋಡುತ್ತಾರೆ ಅನ್ನಿಸುತ್ತಿತ್ತು.

ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಫಲಕಗಳಿಗೆ ಬರಹ ಸಿದ್ಧಪಡಿಸುವುದು ನನ್ನ ಕೆಲಸ. ಅದನ್ನು ಹಿತ್ತಾಳೆಯ ಮೇಲೆ ಕೊರೆಯುವವರು ಕೆಳಮಹಡಿಯ ಹಿರಿಯ ಕೆತ್ತನೆಗಾರರೊಬ್ಬರು. ನಾನು ಚೀಟಿಯಲ್ಲಿ ಬರೆದು ಕೊಡಬೇಕು. ಕೆತ್ತಿ ಮುಗಿದ ಮೇಲೆ ಅವರು ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಅವರದು ಅದೇ ಪದ್ಧತಿ. ನನ್ನನ್ನು ಕಂಡರೆ ಅವರಿಗಾಗದು. ನನಗೂ ಅಷ್ಟೆ.

ಭೂಮಿಯ ಹೊಸ ಮಾದರಿಗೆ ಫಲಕ ಬೇಕಿತ್ತು. ತಿರುಗುವ ಭೂಮಿಯ ಅಕ್ಷ ತುಸುವೇ ಓಲಾಡುತ್ತದೆ. ಒಂದು ಓಲಾಟಕ್ಕೆ ಎಷ್ಟು ದಿನ ಎಂದು ಬರೆಯಬೇಕಿತ್ತು. 'ಭೂಮಿಯ ಸ್ಥಿತಿಸ್ಥಾಪಕತೆಯಿಂದಾಗಿ' ಎಂದು ಶುರುಮಾಡಿದ್ದೆ. ಕೆತ್ತನೆಗಾರರು ಚೀಟಿಯನ್ನು ಬೆಳಕಿಗೆ ಹಿಡಿದು, ಅಲ್ಲಿದ್ದ ಬಡಗಿಗಳಿಗೂ ಕೇಳುವ ಹಾಗೆ ಓದಿದರು.

"ಏನಮ್ಮಾ ಪದವೀಧರೆ, ಈ ಪದಕ್ಕೆ ಕೊನೆ ಎಲ್ಲಿದೆ? ನಿನ್ನ ಭೂಮಿ ಹಿಗ್ಗಬಹುದು, ನನ್ನ ಹಿತ್ತಾಳೆ ಹಿಗ್ಗಲ್ಲ."

ಬಡಗಿಗಳು ನಕ್ಕರು.

"ಮಾತಾಡು," ಎಂದರು ಕೆತ್ತನೆಗಾರರು, "ಬಾಯಿಬಿಟ್ರೆ ಮುತ್ತೇನೂ ಉದುರಲ್ಲ."

ಕಿವಿ ಬಿಸಿಯಾಯಿತು. ನಿಂತಲ್ಲೇ ಆ ಸಾಲನ್ನು ಹೊಡೆದುಹಾಕಿದೆ. ಭೂಮಿ ಕಲ್ಲುಗುಂಡಿನಷ್ಟು ಗಟ್ಟಿ ಎಂದಿಟ್ಟುಕೊಂಡು ಮಾಡುವ ಸುಲಭದ ಲೆಕ್ಕ ಕಾಲೇಜಿನಿಂದಲೂ ಬಾಯಿಪಾಠವಿತ್ತು: ೩೦೫ ದಿನ. ಅದನ್ನೇ ಗೀಚಿ ಕೊಟ್ಟು ಮೆಟ್ಟಿಲು ಹತ್ತಿ ಓಡಿಬಂದೆ.

ಫಲಕ ಮೇಲೆ ಬಂದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಭೂಮಿ ಕಲ್ಲುಗುಂಡಲ್ಲ. ಅಕ್ಷ ಸರಿದ ಕಡೆಗೆ ಭೂಮಿಯ ಸೊಂಟದ, ಅಂದರೆ ಸಮಭಾಜಕದ ಉಬ್ಬೂ ಸ್ವಲ್ಪ ಬಾಗಿಕೊಂಡು ಹೋಗುತ್ತದೆ. ಅಷ್ಟರಮಟ್ಟಿಗೆ ಅಕ್ಷದ ಮೇಲಿನ ಹಿಡಿತ ಸಡಿಲವಾಗಿ, ಓಲಾಟ ನಿಧಾನವಾಗುತ್ತದೆ. ನಿಜವಾದ ಅವಧಿ ಸುಮಾರು ೪೩೩ ದಿನ. ಕಂಪ್ಯೂಟರಿನ ನನ್ನ ಕಡತದಲ್ಲೂ ೩೦೫ ಎಂದೇ ಹಾಕಿದ್ದೆ; ಯಾರೂ ನೋಡುವ ಮೊದಲೇ ಅದನ್ನು ೪೩೩ ಎಂದು ತಿದ್ದಿದೆ. ಊಟದ ಹೊತ್ತಿಗೆ ಕೆಳಮಹಡಿ ಖಾಲಿಯಾದಾಗ ಹೋಗಿ ಮೊಳೆಯಿಂದ ಚೀಟಿಯನ್ನು ಎಳೆದುಕೊಂಡೆ.

ಮೂರನೆಯ ದಿನ ನಿರ್ದೇಶಕಿ ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಫಲಕ, ಪಕ್ಕದಲ್ಲಿ ನನ್ನ ಕಡತದ ಪ್ರತಿ.

"ಇಲ್ಲಿ ೪೩೩. ನೀವು ಕೊರೆದಿರೋದು ೩೦೫. ಏನ್ರೀ ಇದು?"

"ಚೀಟಿಲಿ ಇದ್ದದ್ದು ಅದೇ ಮೇಡಂ," ಎಂದರು ಕೆತ್ತನೆಗಾರರು.

"ಎಲ್ಲಿ ಆ ಚೀಟಿ?"

"ಮೊಳೆಲಿತ್ತು. ಈಗ ಇಲ್ಲ."

"ಚೀಟಿಗೆ ಕಾಲು ಬಂತಾ? ಕಣ್ಣು ಕೈಕೊಟ್ಟಿದೆ ಅಂತ ಒಪ್ಕೊಳ್ಳಿ. ನಾಳೆಯಿಂದ ಉಳಿ ಮುಟ್ಟಬೇಡಿ, ಬಾಗಿಲಲ್ಲಿ ಟಿಕೆಟ್ ಹರೀತಾ ಕೂತ್ಕೊಳ್ಳಿ."

ನನಗೆ ಖುಷಿಯಾಯಿತು. ಇಷ್ಟು ದಿನದ ಉರಿಗೆ ತಣ್ಣೀರು ಎರಚಿದ ಹಾಗಾಯಿತು.

ಕೆತ್ತನೆಗಾರರು ನನ್ನತ್ತ ತಿರುಗಿದರು. "ನಗು, ನಗು. ನಿನಗೆ ಬೇಕಾಗಿದ್ದು ಇದೇ ತಾನೆ?"

ಆಮೇಲೆ ಫಲಕವನ್ನು ಎತ್ತಿಕೊಂಡರು. ಮುಖದ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಹೆಬ್ಬೆರಳಿನಿಂದ ಕೊನೆಯ ಅಂಕಿಯನ್ನು ಸವರಿದರು.

"ಐದು ಇದು," ಎಂದರು. ದನಿ ಇಳಿದಿತ್ತು. "ಚೀಟಿಲೂ ಐದೇ ಇತ್ತು... ಇತ್ತಲ್ವಾ?"

ಕೇಳಿದ್ದು ನನ್ನನ್ನಲ್ಲ. ತಮ್ಮ ಹೆಬ್ಬೆರಳನ್ನು.

ಚೀಲದಿಂದ ದಿನಚರಿ ತೆಗೆದೆ. ತೂತಿನ ಚೀಟಿಯನ್ನು ಮೇಜಿನ ಮೇಲಿಟ್ಟು ಏನೋ ಗೊಣಗಿದೆ.

"ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ?" ನಿರ್ದೇಶಕಿ ಗದರಿದರು. "ಗಟ್ಟಿಯಾಗಿ ಹೇಳು!"

"ಅವರ ಕಣ್ಣು ಸರಿಯಾಗಿದೆ ಮೇಡಂ. ೩೦೫ ಅಂತ ಬರೆದುಕೊಟ್ಟವಳು ನಾನು. ಚೀಟಿ ಕದ್ದವಳೂ ನಾನೇ."