ಅಣ್ಣ ತಂದ ರೂಟರ್

ಅಣ್ಣ ಹೆಮ್ಮೆಯಿಂದ ತಂದು ಜೋಡಿಸಿದ ಹೊಸ ರೂಟರೇ ನನ್ನ ಆಟಕ್ಕೆ ಅಡ್ಡಿ ಎಂದು ನನಗೆ ಗೊತ್ತಾಗಿತ್ತು. ಅದನ್ನು ಅವನಿಗೆ ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಮನೆಯಲ್ಲಿ ವೈರು, ಪ್ಲಗ್ಗುಗಳ ವಿಷಯಕ್ಕೆಲ್ಲ ಅವನೇ ಯಜಮಾನ.

ಆನ್‌ಲೈನ್ ಆಟದಲ್ಲಿ ನನ್ನ ದನಿ ತಂಡದವರಿಗೆ ತಲುಪುತ್ತಲೇ ಇರಲಿಲ್ಲ. ಅವರು ನನಗೆ ‘ಮೌನಿ’ ಎಂದು ಹೆಸರಿಟ್ಟಿದ್ದರು. ‘ಇವತ್ತಿನ ಪಂದ್ಯದಲ್ಲೂ ನೀನು ಮಾತಾಡದಿದ್ರೆ ಬೇರೆಯವರನ್ನ ಸೇರಿಸ್ಕೋತೀವಿ’ ಎಂದು ತಂಡದ ನಾಯಕಿ ಮೆಸೇಜ್ ಕಳಿಸಿದ್ದಳು.

“ಆಫ್ ಮಾಡಿ ಆನ್ ಮಾಡು, ಎಲ್ಲಾ ಸರಿಹೋಗುತ್ತೆ,” ಎಂದು ಅಣ್ಣ ಸ್ನಾನಕ್ಕೆ ಹೋದ.

ನಾನು ಲ್ಯಾಪ್‌ಟಾಪಿನಲ್ಲಿ ರೂಟರಿನ ಸೆಟ್ಟಿಂಗ್ಸ್ ತೆರೆದೆ. ಹಳೆಯ ರೂಟರ್, ಹೊಸ ರೂಟರ್ ಎರಡೂ ಒಂದರ ಹಿಂದೊಂದು ಕಾವಲು ನಿಂತಿದ್ದವು. ಹೊರಗಿನ ಕರೆಯನ್ನು ಒಂದು ಒಳಗೆ ಬಿಟ್ಟರೂ ಇನ್ನೊಂದು ತಡೆಯುತ್ತಿತ್ತು. ಹೊಸದನ್ನು ಕಾವಲಿನಿಂದ ಬಿಡಿಸಿ, ಬರೀ ವೈಫೈ ಹಂಚುವ ಕೆಲಸಕ್ಕೆ ಹಚ್ಚಿದೆ. ಗೇಮ್ ಕನ್ಸೋಲಿನಲ್ಲಿ ಮತ್ತೆ ಪರೀಕ್ಷೆ ಮಾಡಿದೆ. ಇಷ್ಟು ದಿನ ದಾರಿ ಬಿಗಿ ಎಂದು ‘ಸ್ಟ್ರಿಕ್ಟ್’ ತೋರಿಸುತ್ತಿದ್ದ ಜಾಗದಲ್ಲಿ, ದಾರಿ ತೆರೆದಿದೆ ಎಂದು ‘ಓಪನ್’ ಬಂತು. ಕುರ್ಚಿಯಲ್ಲೇ ಒಂದು ಸಲ ಕುಣಿದೆ.

ಹೆಡ್‌ಸೆಟ್ ಹಾಕಿಕೊಂಡು ಆಟಕ್ಕೆ ಸೇರುವಷ್ಟರಲ್ಲಿ ಅಣ್ಣ ತಲೆ ಒರೆಸಿಕೊಳ್ಳುತ್ತಾ ಬಂದು ಪರದೆ ನೋಡಿದ.

“ನಾನು ಹೇಳ್ಲಿಲ್ವಾ? ಆಫ್ ಮಾಡಿ ಆನ್ ಮಾಡಿದ್ರೆ ಸಾಕು. ನಿನ್ನ ಕಂಪ್ಯೂಟರ್ ಡಿಗ್ರಿಗಿಂತ ನನ್ನ ಕೈಗುಣ ದೊಡ್ಡದು.”

ಕಿವಿಯಲ್ಲಿ ನಾಯಕಿಯ ದನಿ ಮೊಳಗಿತು. “ಯಾರೋ ಮಾತಾಡ್ತಿರೋದು ಕೇಳಿಸ್ತಿದೆ! ಮೌನಿ, ನಿನ್ನ ಮೈಕಾ ಇದು? ಯಾರು ಸರಿ ಮಾಡ್ಕೊಟ್ರು?”

ಅಣ್ಣನ ಮುಖವನ್ನೇ ನೋಡುತ್ತಾ, ಇಬ್ಬರಿಗೂ ಕೇಳಿಸುವಂತೆ ಹೇಳಿದೆ:

“ನಮ್ಮಣ್ಣನ ರೂಟರ್ ಅಡ್ಡ ಇತ್ತು. ಸರಿ ಮಾಡಿದ್ದು ನಾನು.”