ಹುಳುಮನೆಯಲ್ಲಿ ಮಾಡಿದ ಪ್ರಾರ್ಥನೆ

ಉಪದೇಶಿ ಯಾಕೋಬಪ್ಪನಿಗೆ ಮುಚ್ಚಿದ ಬಾಗಿಲು ಕಂಡರೆ ಮೈಯೆಲ್ಲ ಉರಿ. ರಾಮನಗರವನ್ನು ಇನ್ನೂ ಕ್ಲೋಸ್‌ಪೇಟೆ ಎನ್ನುತ್ತಿದ್ದ ಕಾಲ ಅದು. ಮೈಸೂರಿನಲ್ಲಿ ಮಹಾರಾಜರ ಆಳ್ವಿಕೆ. ಸುತ್ತಲ ಹಳ್ಳಿಗಳಲ್ಲಿ ಯೇಸುಸ್ವಾಮಿಯ ಸುವಾರ್ತೆ ಸಾರು, ಒಂದು ಮನೆಯನ್ನೂ ಬಿಡಬೇಡ ಎಂದು ಮಿಷನ್ನಿನ ದೊರೆ, ಬಿಳಿಯ ಪಾದ್ರಿ, ಅವನನ್ನು ಕಳಿಸಿ ಎರಡು ವರ್ಷವಾಗಿತ್ತು. ಕರಿ ಕೋಟು, ಬಿಳಿ ಪೇಟ, ಕಂಕುಳಲ್ಲಿ ಪುಸ್ತಕದ ಚೀಲ. ಆಸಾಮಿ ಬಾಯಿ ತೆಗೆದನೆಂದರೆ ಎದುರಿಗಿದ್ದವರಿಗೆ ಉಗುಳು ನುಂಗಲೂ ಬಿಡುವಿರುತ್ತಿರಲಿಲ್ಲ. ಒಳ್ಳೆಯವನೇ, ಪಾಪ. ಆದರೆ ಮಾತಿಗೆ ಬಗ್ಗದ ಮನುಷ್ಯನೇ ಲೋಕದಲ್ಲಿಲ್ಲ ಎಂದು ನಂಬಿದವನ ಜೊತೆ ಯಾರು ತಾನೇ ಏಗುತ್ತಾರೆ?

ಕೂಟಗಲ್ಲಿನಲ್ಲಿ ಅವನನ್ನು ಜಗಲಿಯ ಮೇಲೆ ಕೂರಿಸುತ್ತಿದ್ದ ಮನೆ ಒಂದೇ, ಮುನಿಯಮ್ಮನದು. ಗಂಡ ಸತ್ತ ಮೇಲೆ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆಹುಳು ಎಲ್ಲವನ್ನೂ ತಾನೇ ತೂಗಿಸಿಕೊಂಡು ಬಂದ ಗಟ್ಟಿಗಿತ್ತಿ ಆಕೆ. ಮಗ ಮರಿಯಪ್ಪ ತಾಯಿ ಹಾಕಿದ ಗೆರೆ ದಾಟುವವನಲ್ಲ. ಸೊಸೆ ಅಂಬುಜ ಕೋಡಿಹಳ್ಳಿ ಕಡೆಯ ಹೆಣ್ಣು. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿರಲಿಲ್ಲ, ಅದಕ್ಕೆ ಅತ್ತೆಯ ಬಾಯಿಂದ ಆಗಾಗ ಏನಾದರೊಂದು ಕೇಳುತ್ತಲೇ ಇದ್ದಳು.

ಆ ಕಾರ್ತಿಕದಲ್ಲಿ ಯಾಕೋಬಪ್ಪ ಬಂದಾಗ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಮುನಿಯಮ್ಮ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು.

“ಹುಳ ನಾಲ್ಕನೇ ಜ್ವರ ಎದ್ದವೆ ಅಯ್ನೋರೆ. ಇನ್ನು ಎಂಟು ದಿನ ಹೊರಗಿನೋರು ಒಳೀಕೆ ಬರಂಗಿಲ್ಲ. ಗೂಡು ಕಟ್ಟಿದ ಮ್ಯಾಕೆ ಬನ್ನಿ, ಆಗ ಕುಂತ್ಕಂಡು ನಿಮ್ಮ ಕತೆ ಕೇಳ್ತೀನಿ.”

ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ನಿಂತು, ಪೊರೆ ಕಳಚುವುದಕ್ಕೆ ಅಲ್ಲಿಯವರು ಆಡುವ ಮಾತು. ನಾಲ್ಕನೆಯದು ಮುಗಿಯಿತೆಂದರೆ ಹಗಲಿರುಳೂ ಸೊಪ್ಪು ತಿನ್ನುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ಆ ದಿನಗಳಲ್ಲಿ ಹುಳುಮನೆಯೊಳಗೆ ಹೊರಗಿನವರ ಕಾಲು ಬೀಳುವಂತಿಲ್ಲ, ಮುಟ್ಟಾದ ಹೆಂಗಸರೂ ಸುಳಿಯುವಂತಿಲ್ಲ. ಪೇಟೆಯಲ್ಲಿ ಬೆಳೆದ ಯಾಕೋಬಪ್ಪನಿಗೆ ಇದೆಲ್ಲ ಶುದ್ಧ ಮೂಢನಂಬಿಕೆಯಾಗಿ ಕಂಡಿತು. ಮುಂದಿನ ತಿಂಗಳು ದೊರೆ ಸರ್ಕೀಟು ಬಂದು ‘ಕೂಟಗಲ್ಲಿನಲ್ಲಿ ಯಾರು ಕೇಳುತ್ತಿದ್ದಾರೆ?’ ಎಂದರೆ ಬೇವಿನ ಸೊಪ್ಪು ತೋರಿಸುವುದೇ ಎಂದು ಗೊಣಗಿಕೊಂಡು ಹಿಂದಿರುಗಿದ.

ಎರಡು ದಿನ ಬಿಟ್ಟು ಅವನು ಹೊಳೆಯಾಚೆಯ ಹಳ್ಳಿಯೊಂದಕ್ಕೆ ಹೋದ. ಅಲ್ಲಿ ಒಂದು ಮನೆಯಲ್ಲಿ ಹುಳುವೆಲ್ಲ ಸೆಟೆದು ಬೆಳ್ಳಗಾಗಿ ಸತ್ತಿದ್ದವು. ಮನೆಯವರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಯಾಕೋಬಪ್ಪ ಕೋಟಿನ ತೋಳು ಮಡಿಸಿ, ಸತ್ತ ಹುಳುಗಳನ್ನು ಬೊಗಸೆ ಬೊಗಸೆ ಎತ್ತಿ ಗುಂಡಿಗೆ ಹಾಕಿ ಮಣ್ಣೆಳೆದ. ಒಳ್ಳೆಯ ಕೆಲಸವೇ, ಬೇಡವೆಂದವರು ಯಾರು? ಅಲ್ಲಿಂದ ನೆಟ್ಟಗೆ ಕೂಟಗಲ್ಲಿಗೆ ಬಂದ.

ಮುನಿಯಮ್ಮನ ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ತೋಟಕ್ಕೆ ಸೊಪ್ಪು ಬಿಡಿಸಲು ಹೋಗಿದ್ದರು, ಬಾಗಿಲಿಗೆ ಬರೀ ಚಿಲಕ. ಜಗಲಿಯ ಮೇಲೆ ಕೂತವನ ತಲೆಗೆ ಒಂದು ಯೋಚನೆ ಹೊಕ್ಕಿತು. ಹುಳುವಿನ ತಟ್ಟೆಗಳ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ? ಫಸಲು ಚೆನ್ನಾಗಿ ಆಗಿಯೇ ಆಗುತ್ತದೆ. ಆಮೇಲೆ ಊರವರ ಎದುರು, ‘ನೋಡಿ ಅವ್ವಾ, ಇದು ನನ್ನ ದೇವರು ಮಾಡಿದ್ದು’ ಎಂದುಬಿಟ್ಟರೆ? ಎರಡು ವರ್ಷದ ಮಾತು ಮಾಡದ್ದನ್ನು ಎರಡು ಮಣ ಗೂಡು ಮಾಡುತ್ತದೆ! ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಕೈ ತೊಳೆಯಬೇಕೆಂಬುದು ಕೂಡ ಹೊಳೆಯಲಿಲ್ಲ.

ಚಿಲಕ ತೆಗೆದು ಒಳಗೆ ಹೋದ. ಅರೆಗತ್ತಲೆಯಲ್ಲಿ ಹನ್ನೆರಡು ಬಿದಿರಿನ ತಟ್ಟೆಗಳು, ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆ ಬಿದ್ದಂತೆ. ಒಂದೊಂದು ತಟ್ಟೆಯ ಮೇಲೂ ಅಂಗೈಯಿಟ್ಟು, ತಣ್ಣನೆಯ ಹುಳುಗಳು ಬೆರಳ ಸಂದಿಯಲ್ಲಿ ಹರಿದಾಡುತ್ತಿರಲು, ಕಣ್ಣುಮುಚ್ಚಿ ಮನಸಾರೆ ಪ್ರಾರ್ಥಿಸಿದ. ಹನ್ನೆರಡೂ ಮುಗಿಸಿ ಚಿಲಕ ಹಾಕಿ, ಯಾರ ಕಣ್ಣಿಗೂ ಬೀಳದೆ ಪೇಟೆಯ ದಾರಿ ಹಿಡಿದ.

ಅದಾದ ಎಂಟನೆಯ ದಿನ ಮತ್ತೆ ಕೂಟಗಲ್ಲಿಗೆ ಹೊರಟಾಗ ಊರಾಚೆಯ ಕೆರೆ ಏರಿಯ ಮೇಲೆ ಫಕ್ರುದ್ದೀನ್ ಸಿಕ್ಕಿದ. ಕ್ಲೋಸ್‌ಪೇಟೆಯಲ್ಲಿ ರೇಷ್ಮೆ ನೂಲು ತೆಗೆಸುವವನು, ಗೂಡು ಕೊಳ್ಳಲು ಹಳ್ಳಿ ಹಳ್ಳಿ ತಿರುಗುವವನು. ಅವನ ಗಾಡಿ ಖಾಲಿಯಿತ್ತು.

“ಮುನಿಯಮ್ಮನ ಮನೇಲಿ ಗೂಡು ಇಲ್ಲ ಉಪದೇಶಿ ಸಾಬ್. ಸುಣ್ಣಕಟ್ಟು ರೋಗ. ಹುಳ ಎಲ್ಲಾ ಸೀಮೆಸುಣ್ಣ ಆಗೋಗವೆ,” ಎಂದ ಫಕ್ರುದ್ದೀನ್. “ಅದು ಹಾಳಾಗೋಗ್ಲಿ. ತಪ್ಪೆಲ್ಲಾ ಆ ಸೊಸೆ ತಲೆಗೆ ಕಟ್ಟವ್ರೆ. ಮುಟ್ಟಾಗಿದ್ದಾಗ ಕದ್ದು ಹುಳ ಮುಟ್ಟಿದ್ಲು ಅಂತ. ಅವಳ ಅಣ್ಣ ಗಾಡಿ ತಂದವ್ನೆ, ಕರ್ಕೊಂಡು ಹೋಗಾಕೆ. ಇನ್ನು ಅವಳನ್ನ ವಾಪಸ್ಸು ಕರೆಸಲ್ವಂತೆ, ಮಗನಿಗೆ ಬೇರೆ ಹೆಣ್ಣು ನೋಡ್ತಾರಂತೆ.”

“ಅವಳಿಂದಲೇ ಬಂತೇ ರೋಗ?”

“ತೋಬಾ ತೋಬಾ! ಇಪ್ಪತ್ತು ವರ್ಸದಿಂದ ನೋಡ್ತಿದೀನಿ. ಸತ್ತ ಹುಳದ ಮ್ಯಾಲೆ ಬಿಳಿ ಪುಡಿ ಇರ್ತದಲ್ಲ, ಅದು ಮನುಸ್ರ ಕೈಯಾಗೆ, ಬಟ್ಟೇಲಿ ಕುಂತ್ಕಂಡು ಮನೆಯಿಂದ ಮನೆಗೆ ಹೋಯ್ತದೆ. ಹೊಳೆಯಾಚೆ ಹುಳ ಸತ್ತಿದ್ವು. ಅಲ್ಲಿಂದ ಯಾರೋ ಬಂದು ಒಳಗೆ ಹೋಗವ್ರೆ.”

ಯಾಕೋಬಪ್ಪ ತನ್ನ ಅಂಗೈ ನೋಡಿಕೊಂಡ. ಅದನ್ನು ಕಂಡು ಫಕ್ರುದ್ದೀನನಿಗೆ ಎಲ್ಲ ಅರ್ಥವಾಗಿಹೋಯಿತು.

“ಯಾ ಅಲ್ಲಾ. ನೀವಾ ಸಾಬ್?” ಎಂದ. “ನಾನು ಯಾರಿಗೂ ಹೇಳಾಕಿಲ್ಲ. ನೀವು ಹೇಳ್ತೀರೋ ಬಿಡ್ತೀರೋ, ಅದು ನಿಮಗೂ ಮೇಲಿರೋನಿಗೂ ಸೇರಿದ್ದು.” ಗಾಡಿ ಹೊಡೆದುಕೊಂಡು ಹೊರಟುಹೋದ.

ಮನೆಯ ಮುಂದೆ ಹತ್ತು ಜನ ಸೇರಿದ್ದರು. ಅಂಬುಜನ ಅಣ್ಣ ಎತ್ತು ಹೂಡುತ್ತಿದ್ದ. ಅಂಬುಜ ಬಟ್ಟೆಗಂಟು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಅತ್ತೂ ಅತ್ತೂ ಅವಳ ಕಣ್ಣು ಊದಿದ್ದವು. ಮರಿಯಪ್ಪ ನೆಲ ನೋಡುತ್ತ ನಿಂತಿದ್ದ. ಮುನಿಯಮ್ಮ ಉಪದೇಶಿಯನ್ನು ಕಂಡದ್ದೇ ಎದ್ದು ಬಂದಳು.

“ಬನ್ನಿ ಅಯ್ನೋರೆ. ನಮ್ಮ ದೇವ್ರುಗಳು ಕೈ ಬುಟ್ಬುಟ್ವು. ನಿಮ್ಮ ದೇವ್ರಾದ್ರೂ ಕಾಪಾಡ್ತಾನಾ? ಏನು ಮಾಡ್ಬೇಕು ಹೇಳಿ, ಮಾಡ್ತೀನಿ. ಈ ಅನಿಷ್ಟ ಅತ್ಲಾಗೆ ಹೋಗ್ಲಿ, ನಾನೂ ನನ್ನ ಮಗನೂ ನಾಳೆಯಿಂದ ನೀವು ಹೇಳ್ದಂಗೆ.”

ಎರಡು ವರ್ಷ ಬಿಸಿಲಲ್ಲಿ ನಡೆದದ್ದು ಈ ಒಂದು ಮಾತಿಗಾಗಿ. ಈಗ ಅದು ತಾನಾಗಿ ಬಂದು ಕಾಲ ಬಳಿ ಬಿದ್ದಿದೆ! ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು. ಯಾಕೋಬಪ್ಪನೂ ಮನುಷ್ಯನೇ. ದೊರೆಯ ಮುಂದೆ ಈ ತಾಯಿ ಮಗನನ್ನು ಕರೆದೊಯ್ದು ನಿಲ್ಲಿಸಿದಂತೆ ಒಂದು ಗಳಿಗೆ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅಂಬುಜ ಗಂಟು ಎತ್ತಿಕೊಂಡು ಏಳುವುದು ಕಾಣಿಸಿತು. ಅವಳನ್ನು ತುಳಿದುಕೊಂಡು ತನ್ನ ಬಳಿಗೆ ಬಂದವರಿಗೆ ತಾನು ಯಾವ ಬಾಯಲ್ಲಿ ಯೇಸುವಿನ ಹೆಸರು ಹೇಳಲಿ ಎನಿಸಿ ಅವನಿಗೆ ನಾಚಿಕೆಯಾಯಿತು.

“ಅವ್ವಾ, ಆಕೆಯದು ಏನೂ ತಪ್ಪಿಲ್ಲ. ಹುಳ ಸಾಯಿಸಿದವನು ನಾನು.”

ಎಲ್ಲವನ್ನೂ ಹೇಳಿದ. ಹೊಳೆಯಾಚೆಯ ಗುಂಡಿ, ತೊಳೆಯದ ಕೈ, ಚಿಲಕ, ಹನ್ನೆರಡು ತಟ್ಟೆ. ಕೊನೆಗೆ, “ನಿಮ್ಮ ಮೇಲಿನ ಪ್ರೀತಿಯಿಂದ ಮಾತ್ರವೇ ಪ್ರಾರ್ಥನೆ ಮಾಡಲಿಲ್ಲ ಅವ್ವಾ. ನಾನು ಗೆಲ್ಲಬೇಕು ಅಂತಲೂ ಮಾಡಿದೆ,” ಎಂದ. ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಮುನಿಯಮ್ಮ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಬಾರಿಸಿದಳು. ಪೇಟ ಉರುಳಿತು. “ನನ್ನ ಮನೆಗೆ ಕಳ್ಳನಂಗೆ ನುಗ್ಗಿದೆಯಲ್ಲೋ! ನಿನ್ನ ದೇವ್ರು ಬಾಗಿಲು ತಟ್ಟೋದು ಕಲಿಸ್ಲಿಲ್ವೇನೋ!” ಯಾಕೋಬಪ್ಪ ತಪ್ಪಿಸಿಕೊಳ್ಳಲಿಲ್ಲ. ನಾಲ್ಕು ಜನ ಹಿಡಿದುಕೊಂಡ ಮೇಲೆ ಆಕೆ ಪೊರಕೆ ಬಿಸಾಕಿ, ಸೊಸೆಯ ಕಡೆ ತಿರುಗಿ, “ಗಂಟು ಒಳಗಿಡು ಹೋಗು,” ಎಂದಳು.

ಅಂಬುಜ ಕದಲಲಿಲ್ಲ. “ನಾನು ಮುಟ್ಟಿಲ್ಲ ಅಂತ ಮೂರು ದಿನದಿಂದ ಬಡ್ಕಂಡೆ ಅತ್ತೆ. ನನ್ನ ಮಾತು ನೀವು ನಂಬ್ಲಿಲ್ಲ. ಈ ಅಯ್ಯ ಒಂದು ಸಲ ಹೇಳಿದ್ಕೆ ನಂಬುದ್ರಿ. ಇಂಥ ಮನೇಲಿ ನಾನು ಇರಾಕಿಲ್ಲ.” ಗಾಡಿ ಹತ್ತಿ ಕೂತಳು. ಗಾಡಿ ಹೊರಟೇ ಹೋಯಿತು.

ಮಾರನೆಯ ದಿನ ಯಾಕೋಬಪ್ಪ ಮತ್ತೆ ಬಂದ. ಕೋಟಿಲ್ಲ, ಚೀಲವಿಲ್ಲ, ಮಿಂದು ಒಗೆದ ಪಂಚೆಯುಟ್ಟಿದ್ದ. ಮುನಿಯಮ್ಮ ನೋಡಿಯೂ ನೋಡದವಳಂತೆ ಇದ್ದಳು. ಅವನು ಮರಿಯಪ್ಪನನ್ನು ಕೇಳಿ, ರೋಗದ ತಟ್ಟೆಗಳನ್ನು ಕೆರೆಯಂಗಳಕ್ಕೆ ಹೊತ್ತೊಯ್ದು ಕುದಿವ ನೀರಲ್ಲಿ ಉಜ್ಜಿದ, ಬಿಸಿಲಿಗೆ ಒಣಗಿಸಿದ, ಸಗಣಿ ಬಳಿದ. ತೋಟದಲ್ಲಿ ಕಳೆ ಕಿತ್ತ. ಹನ್ನೊಂದು ದಿನ ಹೀಗೆ ಬಂದು ಹೋದ. ಒಂದು ದಿನವೂ ಹೊಸ್ತಿಲ ಹತ್ತಿರ ಸುಳಿಯಲಿಲ್ಲ, ಸುವಾರ್ತೆಯ ಒಂದು ವಚನವೂ ಅವನ ಬಾಯಿಂದ ಬರಲಿಲ್ಲ. ಊರಿನವರಿಗೆ ಇದೇ ದೊಡ್ಡ ಪವಾಡವಾಗಿ ಕಂಡಿತು, ಬಿಡಿ.

ಅತ್ತ ಮುನಿಯಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಮಗ ತಾಯಿಯ ಜೊತೆ ಮಾತು ಬಿಟ್ಟಿದ್ದ. ಗೆರೆ ದಾಟದವನ ಮೌನ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚುತ್ತಿತ್ತು. ಹನ್ನೆರಡನೆಯ ದಿನ ಆಕೆಯೇ ತೋಟಕ್ಕೆ ಬಂದು ಬದುವಿನ ಮೇಲೆ ಕೂತಳು.

“ಅಯ್ಯ, ಅವತ್ತು ಅಷ್ಟು ಜನದ ಮುಂದೆ ಹೆಂಗೆ ಹೇಳ್ದೆ? ಹೇಳ್ದಿದ್ರೆ ಯಾರಿಗೂ ಗೊತ್ತಾಯ್ತಿರ್ನಿಲ್ಲ.”

“ಆಕೆ ಗಂಟು ಎತ್ತಿಕೊಂಡದ್ದು ಕಂಡಿತು ಅವ್ವಾ. ಹೇಳಿಬಿಟ್ಟೆ, ಅಷ್ಟೇ.”

ಮುನಿಯಮ್ಮ ಒಂದು ಹುಲ್ಲುಕಡ್ಡಿ ಮುರಿದಳು. “ನನ್ನ ಜನ್ಮದಾಗೆ ಯಾರ ಮುಂದೂ ತಪ್ಪಾಯ್ತು ಅಂದೋಳಲ್ಲ ನಾನು. ಗಂಡನ ಮುಂದೂ ಅಂದಿಲ್ಲ. ನಾಳೆ ಕೋಡಿಹಳ್ಳಿಗೆ ಹೋಗ್ಬೇಕು. ನೀನೂ ಬಾ. ಅಲ್ಲಿ ನನಗೆ ಬಾಯಿ ಬರ್ದೇ ಇದ್ರೆ ನೀನು ಹೇಳೀಯಂತೆ.”

ಗಾಡಿ ಕಟ್ಟಿಕೊಂಡು ಮೂವರೂ ಹೊರಟರು, ಮರಿಯಪ್ಪನದೇ ಸಾರಥ್ಯ. ಆಗ ಕಾನಕಾನಹಳ್ಳಿ ಎನ್ನುತ್ತಿದ್ದ ಕನಕಪುರದ ಛತ್ರದಲ್ಲಿ ತಂಗಿ, ಮರುದಿನ ಬೆಳಗ್ಗೆ ಕೋಡಿಹಳ್ಳಿ ಸೇರಿದರು. ಅಂಬುಜ ಅಂಗಳದಲ್ಲಿ ರಾಗಿ ಕೇರುತ್ತಿದ್ದವಳು ಮೊರ ಹಿಡಿದೇ ಎದ್ದು ನಿಂತಳು. ಅವಳ ಅಣ್ಣ, ಅತ್ತಿಗೆ, ಅಕ್ಕಪಕ್ಕದವರು ಬಂದು ಸುತ್ತ ನೆರೆದರು. ಮುನಿಯಮ್ಮನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದಳು.

ಇದನ್ನು ನೋಡಲಾರದೆ ಯಾಕೋಬಪ್ಪ ಮುಂದೆ ಬಂದು, “ಅಂಬುಜಮ್ಮಾ, ನಿಮ್ಮತ್ತೆ...” ಎಂದು ಶುರುಮಾಡಿದ.

“ನೀನು ಸುಮ್ಕಿರಯ್ಯ,” ಎಂದಳು ಮುನಿಯಮ್ಮ. “ಇದು ನಾನೇ ಹೇಳ್ಬೇಕಾದ್ದು.” ಸೊಸೆಯ ಹತ್ತಿರ ಹೋಗಿ ಅವಳ ಕೈಯಿಂದ ಮೊರ ತೆಗೆದು ಕೆಳಗಿಟ್ಟಳು. “ತಪ್ಪಾಯ್ತು ಕಣವ್ವ. ನೀನು ನಿಜ ಹೇಳಿದ್ರೂ ನಾನು ನಂಬ್ಲಿಲ್ಲ. ಹುಳಕ್ಕೆ ಮಾತ್ರ ಅಲ್ಲ, ಈ ಮೂರು ವರ್ಸ ನಿನ್ನ ಹೊಟ್ಟೆ ಉರ್ಸಿದ್ಕೂ ತಪ್ಪಾಯ್ತು.”

ಅಂಬುಜ ಅತ್ತೆಯ ಮುಖವನ್ನೇ ನೋಡಿದಳು, ಆಮೇಲೆ ಗೊಳೋ ಎಂದು ಅತ್ತಳು. ಅತ್ತೆಯೂ ಅತ್ತಳು. ಮರಿಯಪ್ಪ ಎತ್ತಿನ ಕೊರಳಲ್ಲಿ ಮುಖ ಹುದುಗಿಸಿದ. ಯಾಕೋಬಪ್ಪನ ಗಲ್ಲದ ಮೇಲೂ ನೀರು ಇಳಿಯುತ್ತಿತ್ತು. ಇಷ್ಟು ವರ್ಷ ಪಶ್ಚಾತ್ತಾಪ, ಕ್ಷಮೆ ಎಂದು ತಾನು ಕೂಗಿ ಕೂಗಿ ಹೇಳುತ್ತಿದ್ದದ್ದು ಹೀಗೆ ಕಣ್ಣೆದುರು ನಡೆಯುವುದನ್ನು ಅವನು ಎಂದೂ ನೋಡಿರಲಿಲ್ಲ.

ಅಣ್ಣ ಬಿಗಿದ ಮುಖ ಸಡಿಲಿಸಿ, “ಕಾಲಿಗೆ ನೀರು ಕೊಡಮ್ಮ,” ಎಂದ. ಊಟವಾಯಿತು. ಮಧ್ಯಾಹ್ನ ಗಾಡಿ ನಾಲ್ವರನ್ನು ಹೊತ್ತು ಹಿಂತಿರುಗಿತು.

ಅರ್ಧ ಹರದಾರಿ ಕಳೆದಿರಬಹುದು. ಅಂಬುಜ ಹಿಂದಿನಿಂದ ಮೆಲ್ಲಗೆ ಕೇಳಿದಳು. “ಅಯ್ನೋರೆ, ಅವತ್ತು ನೀವು ಎಲ್ಲರ ಮುಂದೆ ಒಪ್ಕಂಡ್ರಲ್ಲ, ಆಮ್ಯಾಕೆ ನಿಮ್ಮ ದೇವ್ರು ನಿಮ್ಮನ್ನ ಬೈಲಿಲ್ವಾ?”

ಎರಡು ವರ್ಷದಲ್ಲಿ ಅವನನ್ನು ಯಾರಾದರೂ ತಾವಾಗಿ ಆ ದೇವರು ಎಂಥವನೆಂದು ಕೇಳಿದ್ದು ಇದೇ ಮೊದಲು. “ಬೈಯಲಿಲ್ಲಮ್ಮ,” ಎಂದ. “ಒಪ್ಪಿಕೊಂಡು ಬರಲಿ ಅಂತ ಮೊದಲಿಂದ ಕಾಯುತ್ತಿದ್ದ ಹಾಗೆ ಅನ್ನಿಸಿತು.”

ಮುನಿಯಮ್ಮ ಸೊಸೆಯ ಪಕ್ಕದಲ್ಲಿ ಕೂತು ಎಲೆ ಅಡಿಕೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಹಂಗಾರೆ ಅವನ ಇಸ್ಯ ಒಸಿ ಹೇಳಯ್ಯ. ನಾನು ನಿನ್ನ ಜಾತಿಗೆ ಸೇರ್ತೀನಿ ಅಂತ ಅಲ್ಲ, ಸುಮ್ಕೆ ತಿಳ್ಕಳಾಕೆ. ನಿಧಾನಕ್ಕೆ ಹೇಳು, ಊರು ಇನ್ನೂ ದೂರ ಐತೆ.”

ಯಾಕೋಬಪ್ಪ ನಿಧಾನಕ್ಕೆ ಹೇಳತೊಡಗಿದ.